ಎರಡು ಅಳತೆಯ ಪಾದಗಳು: ಮಗುವಿಗೆ ತಕ್ಕ ಬೂಟು ಹೊಂದಿಸುವ ಬಗೆ

ಜೂನ್ ತಿಂಗಳಲ್ಲಿ ಶಾಲೆಗಳು ಪುನರಾರಂಭವಾಗುವ ಮುನ್ನ ಮುಂಬಯಿಯ ಪಾದರಕ್ಷೆ ಅಂಗಡಿಗಳು ಮಕ್ಕಳಿಂದ ತುಂಬಿರುತ್ತವೆ. ಕಪ್ಪು ಬೂಟು ಒಂದು ಜೊತೆ, ಕವಾಯತಿಗೆ ಬಿಳಿ ಕ್ಯಾನ್ವಾಸ್ ಒಂದು ಜೊತೆ. ಹೆಚ್ಚಿನವರಿಗೆ ಇದು ಅರ್ಧ ಗಂಟೆಯ ವ್ಯಾಪಾರ. ಆದರೆ ಎಡಗಾಲಿಗೆ 13ನೇ ಅಳತೆಯೂ ಬಲಗಾಲಿಗೆ 12ನೇ ಅಳತೆಯೂ ಬೇಕಾಗುವ ಮಗುವಿನ ಹೆತ್ತವರು ಅಂಗಡಿಯಿಂದ ಅಂಗಡಿಗೆ ಅಲೆಯಬೇಕಾಗುತ್ತದೆ. "ಜೊತೆ ಒಡೆಯುವುದಿಲ್ಲ" ಎಂಬ ಉತ್ತರವೇ ಎಲ್ಲೆಡೆಯೂ ದೊರೆಯುತ್ತದೆ. ನನ್ನ ಮಗಳ ಶಾಲಾ ದಿನಗಳಲ್ಲಿ ಈ ಅಲೆದಾಟವನ್ನು ಕಂಡವನಾದ್ದರಿಂದ, ಅನುಭವದಿಂದಲೂ ವೈದ್ಯರಿಂದಲೂ ಕಸಬುದಾರರಿಂದಲೂ ತಿಳಿದುಕೊಂಡದ್ದನ್ನು ಇಲ್ಲಿ ಒಂದೆಡೆ ಸೇರಿಸಿದ್ದೇನೆ.

ವ್ಯತ್ಯಾಸಕ್ಕೆ ಕಾರಣಗಳು

ಎರಡೂ ಪಾದಗಳು ಕೂದಲೆಳೆಯಷ್ಟೂ ಅಂತರವಿಲ್ಲದೆ ಸಮನಾಗಿರುವವರು ವಿರಳ. ಕೆಲವು ಮಿಲಿಮೀಟರುಗಳ ವ್ಯತ್ಯಾಸ ಸಹಜವಾದುದು. ಅದಕ್ಕೆ ಚಿಕಿತ್ಸೆಯೂ ಬೇಡ, ಚಿಂತೆಯೂ ಬೇಡ. ಒಂದು ಅಳತೆ ಅಥವಾ ಅದಕ್ಕೂ ಮೀರಿದ ವ್ಯತ್ಯಾಸಕ್ಕೆ ಮಾತ್ರ ಸಾಮಾನ್ಯವಾಗಿ ನಿರ್ದಿಷ್ಟ ಕಾರಣವಿರುತ್ತದೆ. ಹುಟ್ಟಿನಿಂದಲೇ ಪಾದ ಒಳಕ್ಕೆ ತಿರುಗಿರುವ 'ಕ್ಲಬ್‌ಫುಟ್' ಅವುಗಳಲ್ಲಿ ಮುಖ್ಯವಾದುದು. ಇದು ಸುಮಾರು ಸಾವಿರ ಶಿಶುಗಳಲ್ಲಿ ಒಂದರಲ್ಲಿ ಕಾಣಿಸುತ್ತದೆ. ಅಮೆರಿಕದ ಅಯೋವಾದಲ್ಲಿದ್ದ ವೈದ್ಯ ಇಗ್ನಾಸಿಯೊ ಪೊನ್ಸೆಟಿಯವರು ರೂಪಿಸಿದ ಕ್ರಮದಂತೆ ವಾರಕ್ಕೊಮ್ಮೆ ಪ್ಲಾಸ್ಟರ್ ಬದಲಿಸುತ್ತ, ನಂತರ ಕೆಲವು ವರ್ಷ ರಾತ್ರಿ ಪಟ್ಟಿ ತೊಡಿಸಿದರೆ ಪಾದ ನೇರವಾಗುತ್ತದೆ. ಆದರೆ ಒಂದೇ ಕಾಲಿಗೆ ಈ ತೊಂದರೆ ಇದ್ದಾಗ, ಚಿಕಿತ್ಸೆ ಸಫಲವಾದರೂ ಆ ಪಾದ ಇನ್ನೊಂದಕ್ಕಿಂತ ತುಸು ಚಿಕ್ಕದಾಗಿಯೂ ಮೀನಖಂಡ ತೆಳುವಾಗಿಯೂ ಉಳಿಯುವುದು ಸಾಮಾನ್ಯ. ಇದು ಚಿಕಿತ್ಸೆಯ ಸೋಲಲ್ಲ.

ದೇಹದ ಒಂದು ಪಾರ್ಶ್ವವನ್ನು ಬಾಧಿಸುವ ಮೆದುಳಿನ ತೊಂದರೆ, ಒಂದು ಪಾರ್ಶ್ವ ಮಾತ್ರ ಹೆಚ್ಚು ಬೆಳೆಯುವ ಸ್ಥಿತಿ, ಅಪಘಾತ, ಸುಟ್ಟಗಾಯ ಇವೂ ಕಾರಣಗಳಾಗಬಹುದು. ನಮ್ಮ ಹಿಂದಿನ ತಲೆಮಾರಿನಲ್ಲಿ ಪೋಲಿಯೊ ದೊಡ್ಡ ಕಾರಣವಾಗಿತ್ತು. ಭಾರತದ ಕೊನೆಯ ಪ್ರಕರಣ 2011ರ ಜನವರಿಯಲ್ಲಿ ವರದಿಯಾಗಿ, 2014ರ ಮಾರ್ಚಿನಲ್ಲಿ ದೇಶವು ಪೋಲಿಯೊ ಮುಕ್ತವೆಂದು ಪ್ರಮಾಣಿತವಾಯಿತು. ಮೊದಲು ಸಮನಾಗಿದ್ದ ಪಾದಗಳಲ್ಲಿ ಹೊಸದಾಗಿ ವ್ಯತ್ಯಾಸ ಕಂಡರೆ, ಅಥವಾ ಮಗು ಕುಂಟತೊಡಗಿದರೆ, ಅಂಗಡಿಗೆ ಹೋಗುವ ಮುನ್ನ ಮೂಳೆ ತಜ್ಞರನ್ನು ಕಾಣಬೇಕು.

ಅಂಕಿಗಳ ಅರ್ಥ

ನಮ್ಮಲ್ಲಿ ಬಳಕೆಯಲ್ಲಿರುವ ಇಂಗ್ಲಿಷ್ ಕ್ರಮದಲ್ಲಿ ಒಂದು ಅಳತೆಗೂ ಮುಂದಿನದಕ್ಕೂ ಇರುವ ಅಂತರ ಇಂಚಿನ ಮೂರನೆಯ ಒಂದು ಭಾಗ, ಅಂದರೆ ಸುಮಾರು 8.5 ಮಿಲಿಮೀಟರ್. ಮಕ್ಕಳ ಅಳತೆ 13ಕ್ಕೆ ಮುಗಿದು, ಮುಂದಿನದು ಮತ್ತೆ 1ರಿಂದ ಆರಂಭವಾಗುತ್ತದೆ. ಯುರೋಪಿನ ಕ್ರಮದಲ್ಲಿ ಈ ಅಂತರ ಸುಮಾರು 6.7 ಮಿಲಿಮೀಟರ್. ಆದುದರಿಂದ ಪಾದಗಳ ನಡುವೆ ಒಂದು ಸೆಂಟಿಮೀಟರ್ ವ್ಯತ್ಯಾಸವಿದ್ದರೆ ಇಂಗ್ಲಿಷ್ ಕ್ರಮದಲ್ಲಿ ಒಂದಕ್ಕಿಂತ ತುಸು ಹೆಚ್ಚು, ಯುರೋಪಿನ ಕ್ರಮದಲ್ಲಿ ಒಂದೂವರೆ ಅಳತೆಯ ಅಂತರವೆಂದು ತಿಳಿಯಬೇಕು.

ಅಳೆಯುವ ಕ್ರಮ

ಪಾದಗಳು ಸಂಜೆಯ ವೇಳೆಗೆ ತುಸು ಊದಿಕೊಳ್ಳುವುದರಿಂದ ಸಂಜೆಯೇ ಅಳೆಯುವುದು ಉತ್ತಮ. ಮಗು ಕಾಲುಚೀಲ ಧರಿಸಿ, ಕಾಗದದ ಮೇಲೆ ಎರಡೂ ಕಾಲುಗಳಿಗೆ ಸಮನಾಗಿ ಭಾರ ಹಾಕಿ ನಿಲ್ಲಬೇಕು. ಪೆನ್ಸಿಲನ್ನು ನೇರವಾಗಿ ಹಿಡಿದು ಸುತ್ತುಗೆರೆ ಎಳೆದು, ಹಿಮ್ಮಡಿಯಿಂದ ಅತಿ ಉದ್ದದ ಬೆರಳಿನ ತುದಿಯವರೆಗೆ ಉದ್ದವನ್ನೂ, ಬೆರಳುಗಳ ಬುಡದ ಬಳಿ ಅಗಲವನ್ನೂ ಗುರುತಿಸಬೇಕು. ಅತಿ ಉದ್ದದ ಬೆರಳು ಹೆಬ್ಬೆರಳೇ ಆಗಿರಬೇಕೆಂದಿಲ್ಲ. ಬೂಟಿನೊಳಗೆ ಬೆರಳಿನ ಮುಂದೆ ಸುಮಾರು ಒಂದು ಸೆಂಟಿಮೀಟರ್ ಜಾಗವಿರಲಿ. ಚಿಕ್ಕ ಮಕ್ಕಳ ಪಾದಗಳನ್ನು ಮೂರು ತಿಂಗಳಿಗೊಮ್ಮೆ ಅಳೆದು, ದಿನಾಂಕದೊಂದಿಗೆ ಬರೆದಿಡುವುದು ಒಳ್ಳೆಯದು. ಈ ದಾಖಲೆ ಮುಂದೆ ವೈದ್ಯರಿಗೂ ಉಪಯೋಗವಾಗುತ್ತದೆ.

ಸಣ್ಣ ವ್ಯತ್ಯಾಸವಿದ್ದಾಗ

ಸುಮಾರು ಅರ್ಧ ಅಳತೆಯ ವ್ಯತ್ಯಾಸವಿದ್ದರೆ ದೊಡ್ಡ ಪಾದಕ್ಕೆ ತಕ್ಕ ಜೊತೆಯನ್ನು ಕೊಂಡು, ಚಿಕ್ಕ ಪಾದದ ಬೂಟನ್ನು ಸರಿಪಡಿಸಿದರೆ ಸಾಕು. ಚಿಕ್ಕ ಪಾದಕ್ಕೆ ತಕ್ಕ ಬೂಟು ಕೊಂಡು ದೊಡ್ಡ ಪಾದವನ್ನು ಅದರೊಳಗೆ ಒತ್ತುವುದು ಎಂದಿಗೂ ಸಲ್ಲದು. ಲೇಸು ಅಥವಾ ವೆಲ್ಕ್ರೋ ಪಟ್ಟಿ ಇರುವ ಬೂಟುಗಳೇ ಯೋಗ್ಯ. ತೆಳುವಾದ ಒಳಅಟ್ಟೆ, ಹಿಮ್ಮಡಿಯ ಹಿಂದೆ ಅಂಟಿಸುವ ಮೆತ್ತೆ, ಬೂಟಿನ ನಾಲಿಗೆಯ ಕೆಳಗಿನ ಮೆತ್ತೆ, ಇವು ಪಾದ ಹಿಂದೆ ಮುಂದೆ ಜಾರದಂತೆ ತಡೆಯುತ್ತವೆ.

ಇಲ್ಲಿ ಎರಡು ಎಚ್ಚರಿಕೆಗಳಿವೆ. ಒಳಅಟ್ಟೆ ದಪ್ಪವಾದರೆ ಒಂದು ಕಾಲು ಎತ್ತರವಾಗುತ್ತದೆ. ಕಾಲುಗಳ ಉದ್ದದಲ್ಲಿಯೂ ವ್ಯತ್ಯಾಸವಿರುವ ಮಗುವಿಗೆ ಎಷ್ಟು ಎತ್ತರ ಕೊಡಬೇಕೆಂಬುದನ್ನು ವೈದ್ಯರೇ ನಿರ್ಧರಿಸಬೇಕು. ಎರಡನೆಯದಾಗಿ, ಕಾಲಿಗೆ ಪ್ಲಾಸ್ಟಿಕ್ ಆಧಾರಪಟ್ಟಿ ತೊಡುವ ಮಗುವಿನ ಚಿಕ್ಕ ಪಾದಕ್ಕೇ ಕೆಲವೊಮ್ಮೆ ದೊಡ್ಡ ಬೂಟು ಬೇಕಾಗುತ್ತದೆ. ಆದ್ದರಿಂದ ಪಟ್ಟಿಯನ್ನು ತೊಡಿಸಿಯೇ ಬೂಟನ್ನು ಪರೀಕ್ಷಿಸಬೇಕು.

ದೊಡ್ಡ ವ್ಯತ್ಯಾಸ ಮತ್ತು ಒಂದು ಲೆಕ್ಕ

ಒಂದು ಅಳತೆ ಅಥವಾ ಹೆಚ್ಚಿನ ವ್ಯತ್ಯಾಸವಿದ್ದಾಗ ಮೆತ್ತೆಗಳು ಸಾಲುವುದಿಲ್ಲ. ನಾವು ಈ ತಪ್ಪನ್ನು ಮೂರು ವರ್ಷ ಮಾಡಿದೆವು. ದೊಡ್ಡ ಜೊತೆಯನ್ನು ಕೊಂಡು ಬಲಗಾಲಿನ ಬೂಟಿನ ತುದಿಗೆ ಹತ್ತಿ ತುಂಬುತ್ತಿದ್ದೆವು. ಮಧ್ಯಾಹ್ನದ ಹೊತ್ತಿಗೆ ಹತ್ತಿ ಮುದ್ದೆಯಾಗಿ ಪಾದ ಜಾರುತ್ತಿತ್ತು. ಕವಾಯತಿನಲ್ಲಿ ಮಗಳು ಎರಡು ಬಾರಿ ಬಿದ್ದಳು. ಗಮನ ಕೊಡುವುದಿಲ್ಲವೆಂದು ಬೈಗುಳವನ್ನೂ ತಿಂದಳು. ಬಿದ್ದ ವಿಷಯವನ್ನು ಅವಳು ಮನೆಯಲ್ಲಿ ಹೇಳಿರಲಿಲ್ಲ. ಎರಡು ಜೊತೆ ಕೊಳ್ಳುವುದು ದುಂದುವೆಚ್ಚವೆಂದು ಹೇಳುತ್ತಿದ್ದವನು ನಾನೇ ಆಗಿದ್ದೆ.

ಆನಂತರ ಕಾಗದದ ಮೇಲೆ ಲೆಕ್ಕ ಹಾಕಿದಾಗ ನನ್ನ ಎಣಿಕೆ ತಪ್ಪೆಂದು ತಿಳಿಯಿತು. ಮೊದಲ ವರ್ಷ 12 ಮತ್ತು 13ರ ಎರಡು ಜೊತೆ ಕೊಂಡೆವೆನ್ನೋಣ. ಎಡಗಾಲಿಗೆ 13, ಬಲಗಾಲಿಗೆ 12 ಬಳಕೆಯಾಗುತ್ತದೆ. 12ರ ಎಡ ಬೂಟೂ 13ರ ಬಲ ಬೂಟೂ ಉಳಿಯುತ್ತವೆ. ಮುಂದಿನ ವರ್ಷ ಎರಡೂ ಪಾದಗಳು ಒಂದೊಂದು ಅಳತೆ ಬೆಳೆದರೆ ಎಡಗಾಲಿಗೆ ಮುಂದಿನ ಸರಣಿಯ 1, ಬಲಗಾಲಿಗೆ 13 ಬೇಕು. ಬಲಗಾಲಿನ 13 ಹೊಸದಾಗಿ ಕಪಾಟಿನಲ್ಲಿಯೇ ಇದೆ! 1ರ ಒಂದು ಜೊತೆ ಕೊಂಡರೆ ಸಾಕು. ಅದರ ಬಲ ಬೂಟು ಮೂರನೆಯ ವರ್ಷಕ್ಕೆ ಒದಗುತ್ತದೆ. ಹೀಗೆ ಹೆಚ್ಚುವರಿ ಜೊತೆಯ ಖರ್ಚು ಮೊದಲ ವರ್ಷಕ್ಕೆ ಮಾತ್ರ.

ಈ ಲೆಕ್ಕ ಫಲಿಸಲು ಮೂರು ನಿಬಂಧನೆಗಳಿವೆ. ವ್ಯತ್ಯಾಸ ಸುಮಾರು ಒಂದು ಅಳತೆಯಷ್ಟಿರಬೇಕು. ಪ್ರತಿ ಬಾರಿಯೂ ಅದೇ ತಯಾರಕರ ಅದೇ ಮಾದರಿಯನ್ನು ಕೊಳ್ಳಬೇಕು. ಪಾದಗಳು ಇನ್ನೂ ಬೆಳೆಯುತ್ತಿರಬೇಕು. ಶಾಲೆಯ ಕಪ್ಪು ಬೂಟಿನ ಮಾದರಿ ಬೇಗ ಬದಲಾಗದ ಕಾರಣ ಇದು ಸಾಧ್ಯ. ಆದರೆ ಬೆಳವಣಿಗೆ ಲೆಕ್ಕವನ್ನು ಕೇಳಿ ಬರುವುದಿಲ್ಲ. ಕಪಾಟಿನ ಬೂಟು ಬಿಗಿಯಾದರೆ ಅದನ್ನು ಬಿಟ್ಟುಬಿಡಬೇಕೇ ಹೊರತು ಮಗುವಿನ ಕಾಲನ್ನು ಲೆಕ್ಕಕ್ಕೆ ಹೊಂದಿಸಬಾರದು.

ಇನ್ನೊಂದು ದಾರಿ ವಿನಿಮಯ. ಎಡಗಾಲು ದೊಡ್ಡದಾದ ಮಗುವಿಗೆ ಬೇಡವಾದ ಎರಡು ಬೂಟುಗಳು, ಅದೇ ಅಳತೆಯಲ್ಲಿ ಬಲಗಾಲು ದೊಡ್ಡದಾದ ಮಗುವಿಗೆ ಸರಿಯಾಗಿ ಒಪ್ಪುತ್ತವೆ. ಅಮೆರಿಕದ ಝಾಪೋಸ್ ಅಂತರ್ಜಾಲ ಮಳಿಗೆಯು 2020ರಲ್ಲಿ ಒಂಟಿ ಬೂಟು ಹಾಗೂ ಭಿನ್ನ ಅಳತೆಯ ಜೊತೆಗಳ ಮಾರಾಟವನ್ನು ಪ್ರಾಯೋಗಿಕವಾಗಿ ಆರಂಭಿಸಿತ್ತು. ನಮ್ಮಲ್ಲಿ ಸಂಘ ಸಂಸ್ಥೆಗಳ ಸೂಚನಾ ಫಲಕವೇ ಈ ಕೆಲಸ ಮಾಡಬಲ್ಲದು.

ಅಳತೆ ಕೊಟ್ಟು ಮಾಡಿಸುವುದು

ಒಂದೂವರೆ ಅಳತೆಗೆ ಮೀರಿದ ವ್ಯತ್ಯಾಸ, ಅಗಲದಲ್ಲಿಯೂ ಭೇದ, ಅಥವಾ ಪಾದದ ಆಕಾರದಲ್ಲಿಯೇ ಬದಲಾವಣೆ ಇದ್ದರೆ ಬೂಟನ್ನು ಮಾಡಿಸುವುದೇ ಸರಿ. ಪ್ರತಿ ಪಾದಕ್ಕೂ ಪ್ರತ್ಯೇಕ ಅಚ್ಚು ಬೇಕಾಗುತ್ತದೆ; ಕಸಬುದಾರರು ಇದನ್ನು 'ಫರ್ಮಾ' ಎನ್ನುತ್ತಾರೆ. ಮುಂಬಯಿಯಲ್ಲಿ ಧಾರಾವಿ ಹಾಗೂ ಠಕ್ಕರ್ ಬಾಪಾ ಕಾಲನಿಗಳಲ್ಲಿ ಪಾದರಕ್ಷೆ ತಯಾರಿಸುವ ಕುಶಲಿಗಳಿದ್ದಾರೆ. ನಮ್ಮ ಬೆಳಗಾವಿ ಜಿಲ್ಲೆಯ ಅಥಣಿ, ನಿಪ್ಪಾಣಿ ಕಡೆಯ ಕುಶಲಿಗಳ ಕಸುಬೂ ಇಂತಹುದೇ. 2019ರಲ್ಲಿ ಕೊಲ್ಲಾಪುರಿ ಚಪ್ಪಲಿಗೆ ಭೌಗೋಳಿಕ ಗುರುತು ದೊರೆತಾಗ ಮಹಾರಾಷ್ಟ್ರದ 4 ಜಿಲ್ಲೆಗಳೊಂದಿಗೆ ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳೂ ಸೇರಿದ್ದವು.

ವೈದ್ಯಕೀಯ ಸಲಹೆಯೊಂದಿಗೆ ಬೂಟು ಬೇಕಾದವರು ಮುಂಬಯಿಯ ಹಾಜಿ ಅಲಿ ಬಳಿಯ ಅಖಿಲ ಭಾರತ ಭೌತಿಕ ವೈದ್ಯ ಮತ್ತು ಪುನರ್ವಸತಿ ಸಂಸ್ಥೆಯನ್ನು ವಿಚಾರಿಸಬಹುದು. ಕೇಂದ್ರ ಸರಕಾರದ ಈ ಸಂಸ್ಥೆ 1955ರಲ್ಲಿ ಸ್ಥಾಪನೆಯಾಯಿತು. ದೆಹಲಿಯಲ್ಲಿ ಪಂಡಿತ್ ದೀನದಯಾಳ್ ಉಪಾಧ್ಯಾಯ ರಾಷ್ಟ್ರೀಯ ಸಂಸ್ಥೆ, ಬೆಂಗಳೂರಿನಲ್ಲಿ ಮೊಬಿಲಿಟಿ ಇಂಡಿಯಾ ಇದೇ ಕ್ಷೇತ್ರದಲ್ಲಿವೆ. ಸಾಧನ ಸಲಕರಣೆಗಳಿಗೆ ನೆರವು ನೀಡುವ ಕೇಂದ್ರದ 'ಅಡಿಪ್' ಯೋಜನೆಗೆ ಶೇ. 40ರ ಅಂಗವಿಕಲತೆಯ ಪ್ರಮಾಣಪತ್ರ ಬೇಕು. ಕೇವಲ ಪಾದದ ಅಳತೆಯಲ್ಲಿ ಭೇದವಿರುವ ಮಗುವಿಗೆ ಅದು ದೊರೆಯುವುದು ಕಷ್ಟ. ಆದ್ದರಿಂದ ಈ ಖರ್ಚು ಬಹುಮಟ್ಟಿಗೆ ಕುಟುಂಬದ್ದೇ ಆಗಿರುತ್ತದೆ.

ಮಗುವಿನ ಮನಸ್ಸು

ಅಂಗಡಿಯಲ್ಲಿ ಹತ್ತು ಜನರೆದುರು ಮಗುವಿನ ಕಾಲಿನ ಕಥೆಯನ್ನು ಹೇಳಬೇಕಾಗಿಲ್ಲ. ಎರಡು ಅಳತೆಗಳನ್ನು ಚೀಟಿಯಲ್ಲಿ ಬರೆದು ಕೊಟ್ಟರೆ ಸಾಕು. ಶಾಲೆಯ ವರ್ಷಾರಂಭದಲ್ಲಿಯೇ ತರಗತಿಯ ಶಿಕ್ಷಕರಿಗೂ ವ್ಯಾಯಾಮ ಶಿಕ್ಷಕರಿಗೂ ಒಂದು ಪತ್ರ ಬರೆಯುವುದು ಲೇಸು. ಅಗತ್ಯವಿದ್ದರೆ ಸಮವಸ್ತ್ರದ ಬೂಟಿನ ಬದಲು ಅದೇ ಬಣ್ಣದ ಬೇರೆ ಬೂಟಿಗೆ ಅನುಮತಿ ಕೇಳಬಹುದು. ಬೂಟು ಕಚ್ಚುತ್ತಿದೆಯೇ ಎಂದು ಮಗುವನ್ನು ಕೇಳಿದರಷ್ಟೇ ಸಾಲದು. ಸಂಜೆ ಪಾದಗಳನ್ನು ನೋಡಬೇಕು. ಕೆಂಪು ಗುರುತು, ಬೊಬ್ಬೆಗಳು ಮಗು ಹೇಳದೆ ಇರುವುದನ್ನು ಹೇಳುತ್ತವೆ.

ಸರಿಯಾದ ಎರಡು ಬೂಟುಗಳು ಮೊದಲ ಬಾರಿಗೆ ದೊರೆತ ವರ್ಷ ನನ್ನ ಮಗಳು ನಾಲ್ಕನೆಯ ತರಗತಿಯಲ್ಲಿದ್ದಳು. ಆ ವರ್ಷದ ಕ್ರೀಡಾಕೂಟದಲ್ಲಿ ಅವಳಿಗೆ ಬಹುಮಾನವೇನೂ ಬರಲಿಲ್ಲ. ಆದರೆ ಅವಳು ಓಟಕ್ಕೆ ಹೆಸರು ಕೊಟ್ಟಿದ್ದಳು, ಕೊನೆಯವರೆಗೂ ಓಡಿದಳು. ಒಂದು ಜೊತೆಯ ಬೆಲೆ ಉಳಿಸಲು ನಾನು ಅವಳ ಮೂರು ವರ್ಷಗಳನ್ನು ಖರ್ಚು ಮಾಡಿದ್ದೆನೆಂಬುದು ಅಂದು ಅರಿವಾಯಿತು. ಇದನ್ನು ಓದುವ ತಂದೆ ತಾಯಂದಿರು ಆ ವರ್ಷಗಳನ್ನು ಉಳಿಸಿಕೊಳ್ಳಲಿ ಎಂಬುದೇ ಈ ಬರಹದ ಆಶಯ.