ವಿಮಾನಯಾನದಲ್ಲಿ ಕುಟುಂಬದ ಆಸನ: ಒಂದು ಶುಲ್ಕದ ಚರಿತ್ರೆ

೧

ತಂದೆತಾಯಿಗಳು ತಮ್ಮ ಮಕ್ಕಳ ಪಕ್ಕದಲ್ಲಿ ಕುಳಿತು ವಿಮಾನದಲ್ಲಿ ಪ್ರಯಾಣಮಾಡಬೇಕಾದರೆ ಟಿಕೆಟ್ಟಿನ ಬೆಲೆಯ ಮೇಲೆ ಆಸನಕ್ಕೆಂದು ಬೇರೆ ಹಣವನ್ನು ತೆರಬೇಕಾಗಿ ಬರುವುದು ಇಂದಿನ ವಿಮಾನಯಾನದ ಒಂದು ಸಾಮಾನ್ಯ ಸಂಗತಿ. ಮೇಲುನೋಟಕ್ಕೆ ಇದು ಕೆಲವು ನೂರು ರೂಪಾಯಿಗಳ ಮಾತು. ಚರಿತ್ರೆಯ ವಿದ್ಯಾರ್ಥಿಗಳ ಗಮನಕ್ಕೆ ಅರ್ಹವಾದುದಲ್ಲವೆಂದು ತೋರಬಹುದು. ಆದರೆ ಬೆಲೆಗಳ ಚರಿತ್ರೆಯೆಂದರೆ ಕೇವಲ ಅಂಕಿಗಳ ಏರಿಳಿತದ ಕಥೆಯಲ್ಲ. ಒಂದು ಸಮಾಜ ಯಾವುದನ್ನು ಮಾರಾಟದ ವಸ್ತುವೆಂದು ಎಣಿಸುತ್ತದೆ, ಯಾವುದನ್ನು ಮಾರಾಟಕ್ಕೆ ಹೊರತಾದ ಕರ್ತವ್ಯವೆಂದು ಭಾವಿಸುತ್ತದೆ, ಇವೆರಡರ ನಡುವಣ ಗಡಿ ಯಾವ ಕಾಲದಲ್ಲಿ ಯಾರ ಕೈಯಿಂದ ಸರಿಯಿತು ಎಂಬುದನ್ನೂ ಅದು ತಿಳಿಸಬೇಕು. ಅಂಥ ಒಂದು ಗಡಿ ಒಂದೆರಡು ತಲೆಮಾರುಗಳೊಳಗಾಗಿ ಸರಿದಿರುವುದಕ್ಕೆ ಈ ಆಸನಶುಲ್ಕ ನಿದರ್ಶನ. ಅದು ಹೇಗೆ ಹುಟ್ಟಿತು, ಯಾವ ವಾದದ ಬಲದಿಂದ ನಿಂತಿದೆ, ಅದಕ್ಕೆ ಮೇರೆಯನ್ನು ಕಟ್ಟಲು ವಿವಿಧ ಸರ್ಕಾರಗಳು ಏನು ಮಾಡಿವೆ ಎಂಬುದನ್ನು ಇಲ್ಲಿ ಸಂಕ್ಷೇಪವಾಗಿ ವಿಚಾರಮಾಡುತ್ತೇವೆ.

೨

ಮೊದಲು ಅಮೆರಿಕದ ಸಂಯುಕ್ತ ಸಂಸ್ಥಾನವನ್ನು ನೋಡೋಣ. ಏಕೆಂದರೆ ಮುಂದೆ ಇತರ ದೇಶಗಳಲ್ಲಿ ಕಂಡುಬಂದ ಬದಲಾವಣೆಗಳಿಗೆ ಬಹುಮಟ್ಟಿಗೆ ದಾರಿ ತೋರಿದ ದೇಶ ಅದು. ೧೯೩೮ರ ಶಾಸನದ ಮೂಲಕ ಅಲ್ಲಿಯ ವಿಮಾನಸಂಚಾರ ಸರ್ಕಾರದ ನಿಯಂತ್ರಣಕ್ಕೆ ಒಳಪಟ್ಟಿತು. ಯಾವ ಕಂಪೆನಿ ಯಾವ ಊರುಗಳ ನಡುವೆ ಹಾರಬೇಕು, ಎಷ್ಟು ದರ ವಿಧಿಸಬೇಕು ಎಂಬುದು ಸಿವಿಲ್ ಏರೊನಾಟಿಕ್ಸ್ ಬೋರ್ಡಿನ ಅಧೀನದಲ್ಲಿತ್ತು. ದರದಲ್ಲಿ ಸ್ಪರ್ಧಿಸಲು ಅವಕಾಶ ಕಡಮೆಯಿದ್ದುದರಿಂದ ಕಂಪೆನಿಗಳು ಊಟ, ಉಪಚಾರ, ಆಸನದ ಸುಖ ಇವುಗಳಲ್ಲಿ ಸ್ಪರ್ಧಿಸುತ್ತಿದ್ದುವು. ಈ ಸ್ಪರ್ಧೆಯೂ ಮಿತಿಮೀರದಂತೆ ನೋಡಿಕೊಳ್ಳಲು ಎಷ್ಟು ಶ್ರಮವಾಯಿತೆಂಬುದಕ್ಕೆ ಅಂತರರಾಷ್ಟ್ರೀಯ ವಿಮಾನಸಾರಿಗೆ ಸಂಘದ ಒಂದು ಪ್ರಸಂಗವನ್ನು ನೆನೆಯಬಹುದು. ೧೯೫೮ರಲ್ಲಿ ಅಟ್ಲಾಂಟಿಕ್ ಸಾಗರದ ಮೇಲಣ ಪ್ರಯಾಣಕ್ಕೆ ಅಗ್ಗದ ದರ್ಜೆಯೊಂದು ಬಂದಾಗ ಅದರಲ್ಲಿ ಸ್ಯಾಂಡ್‌ವಿಚ್ಚಿಗಿಂತ ಹೆಚ್ಚಿನ ಊಟ ಕೊಡಬಾರದೆಂದು ಒಪ್ಪಂದವಾಯಿತು. ಸ್ಯಾಂಡ್‌ವಿಚ್ಚು ಎಂದರೇನು ಎಂಬ ಪ್ರಶ್ನೆಯ ಮೇಲೆಯೇ ಕಂಪೆನಿಗಳ ನಡುವೆ ದೊಡ್ಡ ವಿವಾದ ನಡೆಯಿತು. ತಿನಿಸಿನ ಲಕ್ಷಣವನ್ನು ಇಷ್ಟು ಸೂಕ್ಷ್ಮವಾಗಿ ಚರ್ಚಿಸಿದ ಆ ಕಾಲದಲ್ಲಿ ಮಗುವಿನ ಪಕ್ಕದ ಆಸನಕ್ಕೆ ಬೆಲೆಯುಂಟೇ ಎಂಬ ಪ್ರಶ್ನೆ ತಲೆಯೆತ್ತಲಿಲ್ಲ.

ಅಷ್ಟೇ ಅಲ್ಲ, ಕುಟುಂಬವೆಂಬುದು ಆಗ ರಿಯಾಯಿತಿಗೆ ಪಾತ್ರವಾಗಿತ್ತು. ೧೯೪೮ರಲ್ಲಿ ಅಮೆರಿಕನ್ ಏರ್‌ಲೈನ್ಸ್ ಕಂಪೆನಿ ‘ಕುಟುಂಬ ದರ’ದ ಯೋಜನೆಯನ್ನು ಆರಂಭಿಸಿ, ಒಂದು ಕುಟುಂಬದವರು ಒಟ್ಟಿಗೆ ಪ್ರಯಾಣಮಾಡಿದರೆ ಕಡಮೆ ಬೆಲೆಗೆ ಟಿಕೆಟ್ಟು ಕೊಡತೊಡಗಿತು. ಇದು ಔದಾರ್ಯದಿಂದ ಮಾಡಿದ ಕಾರ್ಯವೆಂದು ನಾವು ಹೇಳುವುದಿಲ್ಲ. ಖಾಲಿಯಾಗಿ ಹಾರುವ ಆಸನಗಳನ್ನು ತುಂಬುವ ವ್ಯಾಪಾರೋಪಾಯವೇ ಅದು. ಆದರೂ ಒಟ್ಟಿಗೆ ಹೋಗುವುದರಿಂದ ವೆಚ್ಚ ಇಳಿಯುತ್ತಿತ್ತು, ಏರುತ್ತಿರಲಿಲ್ಲ ಎಂಬುದನ್ನು ಗಮನಿಸಬೇಕು. ೧೯೭೦ರ ದಶಕದ ಮೊದಲ ವರ್ಷಗಳಲ್ಲಿ ಇಂಥ ಕುಟುಂಬ ದರಗಳು ಒಂಟಿ ಪ್ರಯಾಣಿಕರ ವಿಷಯದಲ್ಲಿ ಪಕ್ಷಪಾತವೆಂದು ಬೋರ್ಡು ತೀರ್ಮಾನಿಸಿತು. ಪ್ರತಿಯೊಬ್ಬ ಪ್ರಯಾಣಿಕನೂ ಒಂದು ಪ್ರತ್ಯೇಕ ಘಟಕ, ಕುಟುಂಬವಲ್ಲ ಎಂಬ ತತ್ತ್ವ ಹೀಗೆ ನ್ಯಾಯದ ಹೆಸರಿನಲ್ಲಿಯೇ ಮೊದಲು ಪ್ರವೇಶಮಾಡಿತು.

ಆಸನವನ್ನು ಹಂಚುವ ರೀತಿಯನ್ನೂ ಇಲ್ಲಿ ಹೇಳಬೇಕು. ವಿಮಾನನಿಲ್ದಾಣದ ಕಟ್ಟೆಯ ಹಿಂದೆ ನಿಂತ ಗುಮಾಸ್ತ ಆಸನಗಳ ನಕ್ಷೆಯನ್ನು ಮುಂದಿಟ್ಟುಕೊಂಡು, ಎದುರಿಗೆ ಬಂದವರನ್ನು ನೋಡಿ ಸ್ಥಳ ಕೊಡುತ್ತಿದ್ದನು. ಕಂಕುಳಲ್ಲೊಂದು, ಕೈಹಿಡಿದು ಒಂದು ಮಗುವಿನೊಡನೆ ಬಂದ ತಾಯಿ ಅವನ ಕಣ್ಣಿಗೆ ಬೀಳುತ್ತಿದ್ದಳು. ಐ.ಬಿ.ಎಂ. ಸಂಸ್ಥೆಯ ನೆರವಿನಿಂದ ರಚಿತವಾಗಿ ೧೯೬೪ರ ವೇಳೆಗೆ ಪೂರ್ಣವಾಗಿ ಬಳಕೆಗೆ ಬಂದ ‘ಸೇಬರ್’ ಎಂಬ ಗಣಕವ್ಯವಸ್ಥೆ ಟಿಕೆಟ್ಟು ಕಾದಿರಿಸುವ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಿತು. ಮುಂದೆ ಆಸನದ ಹಂಚಿಕೆಯೂ ಅದೇ ಹಾದಿ ಹಿಡಿಯಿತು. ಯಂತ್ರ ಕುಟುಂಬವನ್ನು ಕಾಣಲಾರದೆಂದಲ್ಲ; ಹೆಸರು, ವಯಸ್ಸು, ಒಂದೇ ಕಾದಿರಿಸುವಿಕೆಯ ಸಂಖ್ಯೆ ಎಲ್ಲವೂ ಅದಕ್ಕೆ ಗೊತ್ತು. ಕಂಡುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕೇ ಬೇಡವೇ ಎಂಬುದು ಮಾತ್ರ ಅದಕ್ಕೆ ಆಜ್ಞೆ ಕೊಡುವವರಿಗೆ ಸೇರಿದುದಾಯಿತು.

೩

೧೯೭೮ರ ಅಕ್ಟೋಬರ್ ತಿಂಗಳಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಮಾಡಿದ ವಿಮಾನಸಂಸ್ಥೆಗಳ ನಿಯಂತ್ರಣ ವಿಮೋಚನೆಯ ಶಾಸನ ಈ ವ್ಯವಸ್ಥೆಯನ್ನು ಕೊನೆಗಾಣಿಸಿತು. ೧೯೮೪ರ ಅಂತ್ಯಕ್ಕೆ ಬೋರ್ಡೂ ಇಲ್ಲವಾಯಿತು. ದರಗಳು ಇಳಿದುವು, ಪ್ರಯಾಣಿಕರು ಹೆಚ್ಚಿದರು. ಈ ಲಾಭವನ್ನು ಅಲ್ಲಗಳೆಯುವುದು ಸಾಧ್ಯವಿಲ್ಲ. ಆದರೆ ಕಡಮೆ ದರವೇ ಗಿರಾಕಿಯನ್ನು ಸೆಳೆಯುವ ಏಕೈಕ ಸಾಧನವಾದಮೇಲೆ, ಆ ದರದೊಳಗೆ ಅಡಗಿದ್ದ ಒಂದೊಂದು ಉಪಚಾರವನ್ನೂ ಹೊರತೆಗೆದು ಬೇರೆಯಾಗಿ ಮಾರುವ ಪದ್ಧತಿ ಕ್ರಮೇಣ ಬೆಳೆಯಿತು. ಐರ್ಲೆಂಡಿನ ರಯಾನ್‌ಏರ್ ೨೦೦೬ರಲ್ಲಿ ವಿಮಾನದ ಒಡಲಿಗೆ ಹಾಕುವ ಪೆಟ್ಟಿಗೆಗಳ ಮೇಲೆ ಶುಲ್ಕ ವಿಧಿಸಿತು. ೨೦೦೮ರಲ್ಲಿ ಕಚ್ಚಾತೈಲದ ಬೆಲೆ ತೀವ್ರವಾಗಿ ಏರುತ್ತಿದ್ದಾಗ, ಹಿಂದೆ ಕುಟುಂಬ ದರವನ್ನು ತಂದಿದ್ದ ಅಮೆರಿಕನ್ ಏರ್‌ಲೈನ್ಸ್ ಕಂಪೆನಿಯೇ ಮೊದಲ ಪೆಟ್ಟಿಗೆಗೆ ೧೫ ಡಾಲರ್ ಶುಲ್ಕವನ್ನು ಗೊತ್ತುಮಾಡಿತು. ಉಳಿದ ಅನೇಕ ಕಂಪೆನಿಗಳು ಅದನ್ನು ಅನುಸರಿಸಿದುವು. ಪೆಟ್ಟಿಗೆಯ ತರುವಾಯ ಆಸನದ ಸರದಿ ಬಂದಿತು.

ಇಲ್ಲಿ ಒಂದು ಭೇದವನ್ನು ಸ್ಪಷ್ಟವಾಗಿ ಗುರುತಿಸಬೇಕು. ಪೆಟ್ಟಿಗೆಗೆ ತೂಕವಿದೆ, ತೂಕವನ್ನು ಹೊರಲು ಇಂಧನ ಬೇಕು, ಅದನ್ನು ಏರಿಸಿ ಇಳಿಸಲು ಆಳುಗಳು ಬೇಕು. ಆದುದರಿಂದ ಆ ಶುಲ್ಕಕ್ಕೆ ವೆಚ್ಚದ ಆಧಾರವುಂಟು. ಹದಿನಾಲ್ಕನೆಯ ಸಾಲಿನ ಮಧ್ಯದ ಆಸನದಲ್ಲಿ ಮಗು ಕುಳಿತರೂ ಇಪ್ಪತ್ತಾರನೆಯ ಸಾಲಿನ ಮಧ್ಯದ ಆಸನದಲ್ಲಿ ಕುಳಿತರೂ ಕಂಪೆನಿಗೆ ತಗಲುವ ವೆಚ್ಚ ಒಂದೇ. ಹೀಗಿರಲು ಸಾಮೀಪ್ಯಕ್ಕೆ ಬಂದ ಬೆಲೆ ಮಾರುವವನ ವೆಚ್ಚದಿಂದ ಹುಟ್ಟಿದುದಲ್ಲ, ಕೊಳ್ಳುವವನ ಅಗತ್ಯದಿಂದ ಹುಟ್ಟಿದುದು. ಮಗುವಿನಿಂದ ಬೇರೆಯಾಗುವ ಭಯ ಎಷ್ಟು ಹೆಚ್ಚೋ ಅಷ್ಟು ಹೆಚ್ಚು ಬೆಲೆ ತೆರಲು ತಂದೆತಾಯಿಗಳು ಸಿದ್ಧರಾಗುತ್ತಾರೆ. ಹಣ ಕೊಡದವರಿಗೂ ಪಕ್ಕದ ಆಸನಗಳೇ ದೊರೆಯುವುದಾದರೆ ಈ ಸರಕು ಮಾರಾಟವಾಗದು. ಆದಕಾರಣ ಹಣ ಕೊಡದವರು ಬೇರೆಯಾಗುವ ಸಂಭವವಿರುವುದು ಈ ವ್ಯಾಪಾರಕ್ಕೆ ಅನುಕೂಲ. ಈ ವ್ಯಾಪಾರದ ಗಾತ್ರವೂ ಅಲ್ಪವಲ್ಲ. ಅಮೆರಿಕದ ಸೆನೆಟ್ಟಿನ ಒಂದು ಉಪಸಮಿತಿ ೨೦೨೪ರಲ್ಲಿ ಪ್ರಕಟಿಸಿದ ವರದಿಯಂತೆ ಐದು ಕಂಪೆನಿಗಳು ೨೦೧೮ರಿಂದ ೨೦೨೩ರವರೆಗೆ ಆಸನಶುಲ್ಕಗಳಿಂದ ಪಡೆದ ಹಣ ೧,೨೪೦ ಕೋಟಿ ಡಾಲರ್. ಇದರಲ್ಲಿ ಕುಟುಂಬಗಳು ತೆತ್ತದ್ದು ಒಂದು ಪಾಲು ಮಾತ್ರ; ಕಾಲು ಚಾಚಲು ಎಡೆಯಿರುವ ಆಸನಗಳೂ ಮುಂದಿನ ಸಾಲುಗಳೂ ಇದರಲ್ಲಿ ಸೇರಿವೆ.

ಕಂಪೆನಿಗಳ ಪಕ್ಷವನ್ನೂ ಕೇಳುವುದು ನ್ಯಾಯ. ಅವರ ವಾದ ಇದು: ಕಿಟಕಿಯ ಬಳಿಯೋ ನಡುಹಾದಿಯ ಬಳಿಯೋ ಆಸನ ಬೇಕೆನ್ನುವವರು ಅದಕ್ಕೆ ಹಣ ಕೊಡಲಿ; ಎಲ್ಲಿ ಕುಳಿತರೂ ಸರಿಯೆನ್ನುವ ಒಂಟಿ ಪ್ರಯಾಣಿಕ ಇತರರ ಇಷ್ಟಕ್ಕಾಗಿ ಹೆಚ್ಚಿನ ದರವನ್ನೇಕೆ ಹೊರಬೇಕು? ಅಲ್ಲದೆ ಮೂರು ಮೂರು ಆಸನಗಳ ಸಾಲಿರುವ ವಿಮಾನದಲ್ಲಿ ಮುಂಚಿತವಾಗಿ ಬಂದವರು ಕಿಟಕಿಯ ಆಸನವನ್ನೂ ನಡುಹಾದಿಯ ಆಸನವನ್ನೂ ಹಿಡಿದರೆ, ಕೊನೆಗೆ ಮಧ್ಯದ ಆಸನಗಳು ಮಾತ್ರ ಅಲ್ಲಲ್ಲಿ ಉಳಿಯುತ್ತವೆ; ತಡವಾಗಿ ಬಂದ ಕುಟುಂಬವನ್ನು ಒಟ್ಟುಗೂಡಿಸುವುದು ನಿಜವಾಗಿಯೂ ಕಷ್ಟ. ಈ ಎರಡನೆಯ ಮಾತಿನಲ್ಲಿ ತಥ್ಯವಿದೆ. ಆದರೆ ಇದು ಹಂಚಿಕೆಯ ಅನುಕ್ರಮಕ್ಕೆ ಸಂಬಂಧಿಸಿದ ತೊಡಕೇ ಹೊರತು ಬೆಲೆಗೆ ಸಂಬಂಧಿಸಿದ ತೊಡಕಲ್ಲ. ಮಕ್ಕಳಿರುವವರಿಗೆ ಮೊದಲು ಸ್ಥಳವಿಟ್ಟು ಉಳಿದುದನ್ನು ಇತರರಿಗೆ ಹಂಚಿದರೆ ಆ ತೊಡಕು ಬಹುಮಟ್ಟಿಗೆ ತೀರುತ್ತದೆ. ನಿಗದಿಯಾದ ಆಸನಗಳೇ ಇಲ್ಲದೆ ಬಹುಕಾಲ ಹಾರಾಟ ನಡೆಸಿದ ಸೌತ್‌ವೆಸ್ಟ್ ಕಂಪೆನಿಯೂ ಆರು ವರ್ಷದವರೆಗಿನ ಮಕ್ಕಳೊಡನೆ ಬಂದವರನ್ನು ಮೊದಲ ತಂಡದ ಹಿಂದೆಯೇ ಹತ್ತಿಸುವ ಕ್ರಮವನ್ನು ಇಟ್ಟುಕೊಂಡಿದ್ದಿತು. ಆ ಕಂಪೆನಿ ತನ್ನ ಹಳೆಯ ಪದ್ಧತಿಯನ್ನು ಕೈಬಿಡುವುದಾಗಿ ೨೦೨೪ರಲ್ಲಿ ಸಾರಿತೆಂಬುದೂ ಈ ಚರಿತ್ರೆಗೆ ಸೇರಿದ ಮಾತೇ.

೪

ಇದು ಕೇವಲ ಸುಖದ ಪ್ರಶ್ನೆಯಾಗಿದ್ದರೆ ಇಷ್ಟು ವಿಸ್ತಾರವಾಗಿ ಬರೆಯುವ ಅವಶ್ಯಕತೆ ಇರಲಿಲ್ಲ. ವಿಮಾನದ ಅರ್ಧದಷ್ಟು ಬಾಗಿಲುಗಳನ್ನು ಮಾತ್ರ ಬಳಸಿ ತೊಂಬತ್ತು ಸೆಕೆಂಡುಗಳೊಳಗಾಗಿ ಎಲ್ಲರೂ ಹೊರಬರಲು ಸಾಧ್ಯವೆಂದು ತಯಾರಕರು ತೋರಿಸಿಕೊಡಬೇಕೆಂಬ ನಿಯಮ ಅಮೆರಿಕದಲ್ಲಿ ೧೯೬೭ರಿಂದ ಇದೆ. ೧೯೮೫ರ ಆಗಸ್ಟ್ ೨೨ರಂದು ಮ್ಯಾಂಚೆಸ್ಟರ್ ನಿಲ್ದಾಣದಲ್ಲಿ ನೆಲದ ಮೇಲೆಯೇ ಬೆಂಕಿಗೆ ತುತ್ತಾದ ವಿಮಾನದಲ್ಲಿ ೫೫ ಮಂದಿ ಮಡಿದರು. ಹೊಗೆ ತುಂಬಿದ ಒಡಲಿನಲ್ಲಿ ಕ್ಷಣಗಳ ಬೆಲೆ ಎಷ್ಟೆಂಬುದನ್ನು ಆ ದುರಂತ ಲೋಕಕ್ಕೆ ತಿಳಿಸಿತು. ಅಂಥ ಸಂದರ್ಭದಲ್ಲಿ ಹತ್ತು ಸಾಲು ಹಿಂದೆ ತನ್ನ ಮಗುವಿರುವ ತಾಯಿ ಬಾಗಿಲಿನ ಕಡೆಗೆ ಹೋಗುವಳೆಂದು ಯಾರೂ ನಿರೀಕ್ಷಿಸಲಾರರು. ಆಕೆ ಜನಪ್ರವಾಹಕ್ಕೆ ಎದುರಾಗಿಯೇ ನಡೆಯುವಳು. ಆಗ ಆಕೆಗೆ ಮಾತ್ರವಲ್ಲ, ಆ ಇಕ್ಕಟ್ಟಿನ ಹಾದಿಯಲ್ಲಿರುವವರೆಲ್ಲರಿಗೂ ಅಪಾಯ.

ಇದಕ್ಕಿಂತ ಸರಳವಾದ ಸಾಕ್ಷ್ಯ ವಿಮಾನದೊಳಗೇ ದೊರೆಯುತ್ತದೆ. ಗಾಳಿಯ ಒತ್ತಡ ಇಳಿದರೆ ಮೊದಲು ನಿಮ್ಮ ಆಮ್ಲಜನಕದ ಮುಸುಕನ್ನು ಧರಿಸಿ, ಅನಂತರ ನಿಮ್ಮೊಡನಿರುವ ಮಗುವಿಗೆ ತೊಡಿಸಿ ಎಂದು ಪ್ರತಿ ಪ್ರಯಾಣದ ಆರಂಭದಲ್ಲಿಯೂ ಹೇಳುತ್ತಾರೆ. ಮಗು ಕೈಗೆಟಕುವಷ್ಟು ಹತ್ತಿರದಲ್ಲಿದೆ ಎಂಬುದು ಈ ಸೂಚನೆಯ ಪೂರ್ವಕಲ್ಪನೆ. ಸುರಕ್ಷತೆಯ ಸೂಚನೆ ಯಾವುದನ್ನು ಇದ್ದೇ ಇದೆಯೆಂದು ಭಾವಿಸಿದೆಯೋ ಅದನ್ನೇ ಶುಲ್ಕದ ಪಟ್ಟಿ ಐಚ್ಛಿಕವೆಂದು ಮಾರುತ್ತಿರುವುದು ಒಂದು ವಿರೋಧಾಭಾಸ.

೫

ಸರ್ಕಾರಗಳೂ ನ್ಯಾಯಸ್ಥಾನಗಳೂ ಈ ವಿರೋಧವನ್ನು ಬೇರೆಬೇರೆ ಬಗೆಯಲ್ಲಿ ಎದುರಿಸಿವೆ. ಯೂರೋಪಿನಲ್ಲಿ ೨೦೦೮ರ ನಿಯಮಾವಳಿ ಕಂಪೆನಿಗಳಿಗೆ ದರಸ್ವಾತಂತ್ರ್ಯವನ್ನು ಕೊಟ್ಟಿತು. ವೂಎಲಿಂಗ್ ಎಂಬ ಕಂಪೆನಿಯ ಮೊಕದ್ದಮೆಯಲ್ಲಿ ಐರೋಪ್ಯ ಒಕ್ಕೂಟದ ನ್ಯಾಯಾಲಯ ೨೦೧೪ರಲ್ಲಿ ತೀರ್ಪು ಕೊಡುತ್ತ, ಒಡಲಿಗೆ ಹಾಕುವ ಪೆಟ್ಟಿಗೆ ಪ್ರಯಾಣಕ್ಕೆ ಅನಿವಾರ್ಯವಲ್ಲವಾದುದರಿಂದ ಅದಕ್ಕೆ ಬೇರೆ ಬೆಲೆ ಕೇಳಬಹುದೆಂದೂ, ಕೈಚೀಲ ಮಾತ್ರ ತತ್ತ್ವತಃ ಅನಿವಾರ್ಯವೆಂದೂ ಹೇಳಿತು. ಅನಿವಾರ್ಯತೆಯೆಂಬ ಈ ಒರೆಗಲ್ಲಿಗೆ ಮಗುವಿನ ಪಕ್ಕದ ಆಸನವನ್ನು ತಿಕ್ಕಿ ನೋಡಿದರೆ ಏನಾಗುವುದೆಂಬುದು ವಿಚಾರಾರ್ಹ. ರಯಾನ್‌ಏರ್ ೨೦೧೬ರಲ್ಲಿ ಒಂದು ನಡುದಾರಿಯನ್ನು ಹಿಡಿಯಿತು: ಹನ್ನೆರಡು ವರ್ಷಕ್ಕೆ ಕೆಳಗಿನ ಮಕ್ಕಳೊಡನೆ ಹೋಗುವ ಹಿರಿಯರು ಆಸನವನ್ನು ಹಣ ಕೊಟ್ಟು ಕಾದಿರಿಸಲೇಬೇಕು, ಮಕ್ಕಳ ಆಸನಕ್ಕೆ ಶುಲ್ಕವಿಲ್ಲ. ಒಟ್ಟಿಗೆ ಕುಳಿತುಕೊಳ್ಳುವುದು ಐಚ್ಛಿಕವಲ್ಲ, ಕಡ್ಡಾಯ ಎಂಬುದನ್ನು ಒಪ್ಪಿಕೊಂಡ ಕ್ರಮವಿದು. ಕಡ್ಡಾಯವಾದುದಕ್ಕೆ ಬೆಲೆಯನ್ನು ಮಾತ್ರ ಬಿಡಲಿಲ್ಲ.

ಕೆನಡ ದೇಶ ೨೦೧೯ರ ಡಿಸೆಂಬರಿನಲ್ಲಿ ಜಾರಿಗೆ ತಂದ ನಿಯಮಗಳು ಇವೆಲ್ಲಕ್ಕಿಂತ ಖಚಿತವಾಗಿವೆ. ಐದು ವರ್ಷದೊಳಗಿನ ಮಗು ಪೋಷಕರ ಪಕ್ಕದಲ್ಲಿಯೇ ಇರಬೇಕು. ಐದರಿಂದ ಹನ್ನೊಂದರವರೆಗಿನ ಮಗು ಅದೇ ಸಾಲಿನಲ್ಲಿ, ಒಂದಕ್ಕಿಂತ ಹೆಚ್ಚು ಆಸನದ ಅಂತರವಿಲ್ಲದೆ ಇರಬೇಕು. ಹನ್ನೆರಡು ಹದಿಮೂರರ ಮಕ್ಕಳು ಒಂದಕ್ಕಿಂತ ಹೆಚ್ಚು ಸಾಲಿನ ಅಂತರದಲ್ಲಿರಬಾರದು. ಇದಕ್ಕೆ ಶುಲ್ಕ ಕೂಡದು. ಅಮೆರಿಕದಲ್ಲಿ ೨೦೧೬ರ ಶಾಸನ ಹದಿಮೂರು ವರ್ಷದವರೆಗಿನ ಮಕ್ಕಳ ವಿಷಯವನ್ನು ಪರಿಶೀಲಿಸುವಂತೆ ಸಾರಿಗೆ ಇಲಾಖೆಗೆ ಸೂಚಿಸಿತು. ೨೦೨೩ರಲ್ಲಿ ಆ ಇಲಾಖೆ ಯಾವ ಕಂಪೆನಿ ಈ ಭರವಸೆಯನ್ನು ಕೊಟ್ಟಿದೆ, ಯಾವುದು ಕೊಟ್ಟಿಲ್ಲ ಎಂಬ ಪಟ್ಟಿಯನ್ನು ಬಹಿರಂಗಪಡಿಸಿತು. ೨೦೨೪ರ ಆಗಸ್ಟ್ ತಿಂಗಳಲ್ಲಿ ಕಡ್ಡಾಯದ ನಿಯಮವೊಂದನ್ನು ಸೂಚಿಸಿತು. ಪರಿಶೀಲನೆಯಿಂದ ಸೂಚನೆಗೆ ಬರಲು ಎಂಟು ವರ್ಷಗಳು ಹಿಡಿದುವು.

೬

ನಮ್ಮ ದೇಶದ ಕಥೆಯೂ ಇದೇ ಜಾಡಿನಲ್ಲಿದೆ. ೧೯೫೩ರ ಶಾಸನದಿಂದ ವಿಮಾನಸಾರಿಗೆ ರಾಷ್ಟ್ರೀಕೃತವಾಯಿತು. ೧೯೯೪ರಲ್ಲಿ ಆ ಶಾಸನ ರದ್ದಾಗಿ ಖಾಸಗಿ ಸಂಸ್ಥೆಗಳಿಗೆ ದಾರಿ ತೆರೆಯಿತು. ಗೊರೂರಿನ ಕ್ಯಾಪ್ಟನ್ ಜಿ. ಆರ್. ಗೋಪಿನಾಥ್ ಅವರು ಬೆಂಗಳೂರನ್ನು ಕೇಂದ್ರವಾಗಿಟ್ಟುಕೊಂಡು ೨೦೦೩ರಲ್ಲಿ ಆರಂಭಿಸಿದ ಏರ್ ಡೆಕ್ಕನ್, ಊಟವನ್ನು ದರದಿಂದ ಬೇರ್ಪಡಿಸಿ, ಅದುವರೆಗೆ ವಿಮಾನವನ್ನೇ ಹತ್ತದಿದ್ದ ಸಾವಿರಾರು ಕುಟುಂಬಗಳಿಗೆ ಆಕಾಶಮಾರ್ಗವನ್ನು ತೋರಿಸಿತು. ಸೇವೆಗಳನ್ನು ಬೇರ್ಪಡಿಸುವುದು ತನ್ನಷ್ಟಕ್ಕೆ ಅನ್ಯಾಯವಲ್ಲವೆಂಬುದಕ್ಕೆ ಇದೇ ಸಾಕ್ಷಿ. ೨೦೧೩ರಲ್ಲಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ ಇಷ್ಟದ ಆಸನವೇ ಮೊದಲಾದ ಸೇವೆಗಳಿಗೆ ಪ್ರತ್ಯೇಕ ಶುಲ್ಕ ವಿಧಿಸಲು ಅನುಮತಿ ಕೊಟ್ಟಿತು. ೨೦೧೮ರ ನವೆಂಬರಿನಲ್ಲಿ ಒಂದು ದೊಡ್ಡ ಕಂಪೆನಿ ಅಂತರಜಾಲದ ಮೂಲಕ ಆರಿಸುವ ಎಲ್ಲ ಆಸನಗಳಿಗೂ ಬೆಲೆಯನ್ನು ಗೊತ್ತುಮಾಡಿದಾಗ ಸಾರ್ವಜನಿಕರಲ್ಲಿ ಅಸಮಾಧಾನ ಹಬ್ಬಿ, ಸಚಿವಾಲಯ ಪರಿಶೀಲನೆಗೆ ತೊಡಗಬೇಕಾಯಿತು. ಕೊನೆಗೆ ೨೦೨೪ರ ಏಪ್ರಿಲಿನಲ್ಲಿ ಮಹಾನಿರ್ದೇಶನಾಲಯ, ಹನ್ನೆರಡು ವರ್ಷದವರೆಗಿನ ಮಕ್ಕಳಿಗೆ ಅದೇ ಪಿ.ಎನ್.ಆರ್. ಸಂಖ್ಯೆಯಲ್ಲಿ ಪ್ರಯಾಣಮಾಡುವ ತಂದೆತಾಯಿಗಳಲ್ಲಿ ಅಥವಾ ಪೋಷಕರಲ್ಲಿ ಒಬ್ಬರೊಡನೆಯಾದರೂ ಆಸನ ಕೊಡತಕ್ಕದ್ದೆಂದೂ, ಅದರ ದಾಖಲೆಯನ್ನು ಇಡತಕ್ಕದ್ದೆಂದೂ ಆಜ್ಞೆಮಾಡಿತು.

ಈ ಆಜ್ಞೆ ಸ್ವಾಗತಾರ್ಹವೆಂಬುದರಲ್ಲಿ ಸಂಶಯವಿಲ್ಲ. ಆದರೆ ಇದನ್ನು ಕೆನಡ ಮತ್ತು ಅಮೆರಿಕಗಳ ಕ್ರಮಗಳೊಡನೆ ಹೋಲಿಸಿದಾಗ ಒಂದು ಸಮಾನಲಕ್ಷಣ ಎದ್ದು ಕಾಣುತ್ತದೆ. ಮೂರೂ ಕಡೆ ರಕ್ಷಣೆ ದೊರೆತಿರುವುದು ಮಗುವಿಗೆ, ಕುಟುಂಬಕ್ಕಲ್ಲ. ಒಂದು ಮಗು, ಒಬ್ಬ ಹಿರಿಯ: ಇಷ್ಟೇ ಶಾಸನ ಗುರುತಿಸಿದ ಘಟಕ. ನಮ್ಮಲ್ಲಿ ಕುಟುಂಬವೆಂದರೆ ಅಷ್ಟಕ್ಕೆ ಮುಗಿಯುವುದಿಲ್ಲ. ಮಗನನ್ನೋ ಮಗಳನ್ನೋ ನೋಡಲು ಮೊದಲ ಬಾರಿಗೆ ವಿದೇಶಕ್ಕೆ ಹೊರಟು, ಕನ್ನಡವಲ್ಲದೆ ಬೇರೆ ಭಾಷೆಯನ್ನರಿಯದ ವೃದ್ಧ ದಂಪತಿಗಳು, ಕಿವಿ ಮಂದವಾದ ಅಜ್ಜಿ, ಕೈಹಿಡಿದು ನಡೆಸಬೇಕಾದ ಅಜ್ಜ, ಇವರು ಈ ನಿಯಮದ ಹೊರಗೆ ಉಳಿಯುತ್ತಾರೆ. ಟಿಕೆಟ್ಟುಗಳನ್ನು ಬೇರೆಬೇರೆ ದಿನ ಕೊಂಡು ಬೇರೆ ಸಂಖ್ಯೆ ಪಡೆದವರ ಗತಿಯೂ ಅದೇ.

ಮೇಲ್ಕಂಡ ವಿಚಾರದಿಂದ ನಾವು ಮುಟ್ಟುವ ತೀರ್ಮಾನ ಇಷ್ಟು. ಕಿಟಕಿಯ ನೋಟ, ಕಾಲಿನ ಸುಖ, ಬೇಗ ಇಳಿಯುವ ಅನುಕೂಲ ಇವುಗಳಿಗೆ ಬೆಲೆಯಿಡುವುದು ವ್ಯಾಪಾರ. ಇನ್ನೊಬ್ಬರ ನೆರವಿಲ್ಲದೆ ಪ್ರಯಾಣಮಾಡಲಾರದವರ ಪಕ್ಕದಲ್ಲಿ ಆ ನೆರವನ್ನು ಕೊಡುವವರನ್ನು ಕುಳ್ಳಿರಿಸುವುದು ಪ್ರಯಾಣವೆಂಬ ಸೇವೆಯ ಅಂಗ. ಅದನ್ನು ಸೇವೆಯಿಂದ ಕಳಚಿ ಮಾರುವುದಕ್ಕೆ ವೆಚ್ಚದ ಆಧಾರವೂ ಇಲ್ಲ, ಸುರಕ್ಷತೆಯ ಸಮ್ಮತಿಯೂ ಇಲ್ಲ. ಮಗುವಿನ ಮಟ್ಟಿಗೆ ಈ ತತ್ತ್ವವನ್ನು ಹಲವು ಸರ್ಕಾರಗಳು ಪೂರ್ತಿಯಾಗಿಯೋ ಭಾಗಶಃ ಆಗಿಯೋ ಅಂಗೀಕರಿಸಿವೆ. ಮುಪ್ಪು, ಅಂಗವೈಕಲ್ಯ, ಭಾಷೆಯ ಅಜ್ಞಾನ ಇವುಗಳಿಂದ ಪರಾವಲಂಬಿಗಳಾದವರಿಗೂ ಇದನ್ನು ವಿಸ್ತರಿಸಲು ಹೊಸ ತತ್ತ್ವವೇನೂ ಬೇಕಾಗಿಲ್ಲ. ಒಪ್ಪಿಕೊಂಡುದನ್ನು ಕೊನೆಯವರೆಗೆ ಅನ್ವಯಿಸಿದರೆ ಸಾಕು.