ಮೀನಿನ ಕಿವಿಗಲ್ಲು: ಕರಿಕಲ್ಲು ನಾಡಿನ ಒಂದು ಸಾಕ್ಷ್ಯವಿಚಾರ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಸೀಮೆಯ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಶಾಸನಗಳಿಂದ ಆರಂಭಿಸುತ್ತಾರೆ. ಆದರೆ ಅಲ್ಲಿಯ ಎರೆಮಣ್ಣಿಗೆ ಮೂಲವಾದ ಕರಿಕಲ್ಲು ತಾನೇ ಒಂದು ದಾಖಲೆಯಾಗಿದೆ. ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ಭೂಗರ್ಭದಿಂದ ಹೊಮ್ಮಿದ ಲಾವಾಪ್ರವಾಹಗಳು ಒಂದರ ಮೇಲೊಂದು ಹರಡಿ ಹೆಪ್ಪುಗಟ್ಟಿದುದರಿಂದ ಅದು ಉಂಟಾಯಿತು. ಭೂವಿಜ್ಞಾನಿಗಳು ಇದನ್ನು ದಖ್ಖನ್ ಟ್ರ್ಯಾಪ್ ಎಂದು ಕರೆಯುತ್ತಾರೆ. ಎರಡು ಪ್ರವಾಹಗಳ ನಡುವಣ ವಿರಾಮಕಾಲದಲ್ಲಿ ಅಲ್ಲಲ್ಲಿ ಕೆರೆಗಳು ನಿಂತವು. ಅವುಗಳ ಕೆಸರು ಮುಂದಿನ ಲಾವಾದ ಅಡಿಯಲ್ಲಿ ತೆಳುವಾದ ಪದರಾಗಿ ಉಳಿಯಿತು.

ರಾಯಬಾಗದ ದಕ್ಷಿಣಕ್ಕಿರುವ ಗೋಕಾಕ ಸೀಮೆಯ ಮಮದಾಪುರದಲ್ಲಿ ಇಂತಹ ಪದರಿನಿಂದ ಸಿಹಿನೀರಿನ ಚಿಪ್ಪುಗಳು ದೊರೆತಿವೆ. ಈ ಪ್ರದೇಶದ ಭೂರಚನೆಯನ್ನು ಕುರಿತು ರಾಬರ್ಟ್ ಬ್ರೂಸ್ ಫೂಟ್ ಅವರು 1876ರಲ್ಲಿ ವಿಸ್ತಾರವಾಗಿ ಬರೆದರು. ಅದಕ್ಕೆ ಎರಡು ವರ್ಷ ಮೊದಲು, ಗೋಕಾಕದ ಸಮೀಪದಲ್ಲಿ ದೊರೆತ ಬಹಳ ಈಚಿನ ಕಾಲದ ಘೇಂಡಾಮೃಗದ ಅವಶೇಷಗಳನ್ನು ವರ್ಣಿಸಿ, ಅದಕ್ಕೆ 'ರೈನೋಸೆರಾಸ್ ಡೆಕ್ಕನೆನ್ಸಿಸ್' ಎಂದು ಹೆಸರಿಟ್ಟಿದ್ದರು. ಘೇಂಡಾಮೃಗದ ಎಲುಬು ತಾನಾಗಿಯೇ ಕಣ್ಣಿಗೆ ಬೀಳುತ್ತದೆ. ಮೀನಿನ ಕಿವಿಗಲ್ಲನ್ನಾದರೋ ಹುಡುಕಬೇಕಾಗುತ್ತದೆ.

ಎಲುಬಿನ ಮೀನುಗಳ ಒಳಗಿವಿಯಲ್ಲಿ ಕ್ಯಾಲ್ಸಿಯಂ ಕಾರ್ಬೋನೇಟಿನ ಮೂರು ಜೊತೆ ಹರಳುಗಳಿರುತ್ತವೆ. ಮೀನಿಗೆ ಸಮತೋಲವೂ ಶ್ರವಣವೂ ಇವುಗಳಿಂದ ಸಾಧ್ಯ. ಮೀನು ಬೆಳೆದಂತೆ ಇವುಗಳ ಮೇಲೆ ಪದರಪದರವಾಗಿ ಹೊಸ ದ್ರವ್ಯ ಕೂಡುತ್ತದೆ. ಕಿವಿಗಲ್ಲಿನ ಅಂಚು, ದಪ್ಪ, ವಿಶೇಷವಾಗಿ ಒಳಮೈಯ ತೋಡಿನ ಆಕಾರ, ಇವು ಜಾತಿಯಿಂದ ಜಾತಿಗೆ ಬೇರೆಯಾಗಿರುತ್ತವೆ. ಮಣ್ಣನ್ನು ನೀರಿನಲ್ಲಿ ನೆನೆಸಿ, ಸಣ್ಣ ಜರಡಿಯಲ್ಲಿ ತೊಳೆದು, ಉಳಿದುದನ್ನು ಸೂಕ್ಷ್ಮದರ್ಶಕದ ಕೆಳಗೆ ಆರಿಸುತ್ತಾರೆ. ಆಮ್ಲ ತಗುಲಿದರೆ ಕಲ್ಲೇ ಕರಗಿಹೋಗುವುದರಿಂದ ಅದನ್ನು ಬಳಸುವಂತಿಲ್ಲ.

ಕಿವಿಗಲ್ಲುಗಳಿಂದ ಪ್ರಾಚೀನ ಮೀನುಗಳನ್ನು ಗುರುತಿಸುವ ವಿಧಾನಕ್ಕೆ ಜರ್ಮನಿಯ ಅರ್ನ್‌ಸ್ಟ್ ಕೋಕೆನ್ 1884ರಲ್ಲಿ ಭದ್ರವಾದ ತಳಹದಿ ಹಾಕಿದನು. ದಖ್ಖನ್ ಟ್ರ್ಯಾಪಿನ ಪದರುಗಳಲ್ಲಿ ಹೈದರಾಬಾದಿನ ಸಮೀಪದ ರಂಗಾಪುರದ ಸಿಹಿನೀರಿನ ಮೀನುಗಳ ಕಿವಿಗಲ್ಲುಗಳನ್ನು ಆರ್. ಎಸ್. ರಾಣಾ ಅವರು 1988ರಲ್ಲಿ ಪ್ರಕಟಿಸಿದರು. ಇಪ್ಪತ್ತು ವರ್ಷಗಳ ತರುವಾಯ, 2008ರಲ್ಲಿ, ಬೆಲ್ಜಿಯಂನ ಡರ್ಕ್ ನೋಲ್ಫ್ ಮತ್ತು ಜಿ. ವಿ. ಆರ್. ಪ್ರಸಾದ್ ಅವರೊಡನೆ ಸ್ವತಃ ರಾಣಾ ಅವರೇ ಸೇರಿ ಈ ಪದರುಗಳ ಕಿವಿಗಲ್ಲುಗಳನ್ನು ಪುನಃ ಪರಿಶೀಲಿಸಿದರು. ಮೊದಲು ಹೆಸರಿಟ್ಟವರೇ ಮರುಪರೀಕ್ಷೆಯಲ್ಲಿ ಭಾಗಿಗಳಾದುದು ಇತಿಹಾಸದ ವಿದ್ಯಾರ್ಥಿಗಳು ಗಮನಿಸಬೇಕಾದ ಸಂಗತಿ.

ಇಲ್ಲಿಯ ತೊಡಕುಗಳು ನಮಗೆ ಪರಿಚಿತವಾದವೇ. ಎಳೆಯ ಮೀನುಗಳ ಕಿವಿಗಲ್ಲುಗಳು ಒಂದನ್ನೊಂದು ಬಹಳವಾಗಿ ಹೋಲುವುದರಿಂದ ಒಂದೇ ಮಾದರಿಯನ್ನು ನಂಬಿ ಹೊಸ ಜಾತಿಯನ್ನು ಸ್ಥಾಪಿಸುವುದು ಅಪಾಯಕರ. ಎಳೆಯದರಿಂದ ಬಲಿತದರವರೆಗಿನ ಸಾಲು ಬೇಕು. ಒಂದೇ ಮೀನಿಗೆ ಅಸ್ಥಿಪಂಜರದಿಂದ ಒಂದು ಹೆಸರೂ ಕಿವಿಗಲ್ಲಿನಿಂದ ಇನ್ನೊಂದು ಹೆಸರೂ ಬರಬಹುದು. ತಲೆಬುರುಡೆಯೊಳಗೇ ಕಿವಿಗಲ್ಲು ದೊರೆತಾಗ ಎರಡೂ ಒಂದಾಗುತ್ತವೆ. ನೃಪತುಂಗನೂ ಅಮೋಘವರ್ಷನೂ ಒಬ್ಬನೇ ಎಂದು ನಾವು ಅರಿತಿರುವುದು ಎರಡೂ ಹೆಸರುಗಳು ಸಂಧಿಸುವ ಆಧಾರಗಳಿರುವುದರಿಂದಲೇ. ಅಂತಹ ಆಧಾರ ದೊರೆಯುವವರೆಗೆ ಹೆಸರನ್ನು ಪರೀಕ್ಷೆಗೆ ತೆರೆದಿಟ್ಟ ಅಭಿಪ್ರಾಯವೆಂದೇ ಭಾವಿಸತಕ್ಕದ್ದು.

ಮರುಪರೀಕ್ಷೆ ಸಾಧ್ಯವಾಗಬೇಕಾದರೆ ಮೂಲವಸ್ತುವೂ ಅದು ದೊರೆತ ಸ್ಥಳ ಮತ್ತು ಪದರಿನ ವಿವರವೂ ಉಳಿದಿರಬೇಕು. ಬಾವಿ ತೋಡುವಾಗಲೂ ಕಲ್ಲುಗಣಿಯಲ್ಲಿಯೂ ಗಟ್ಟಿಯಾದ ಕರಿಕಲ್ಲಿಗೆ ಬೆಲೆಯಿದೆ. ನಡುವಿನ ಮೆದು ಮಣ್ಣು ಕಸವಾಗಿ ಹೊರಬೀಳುತ್ತದೆ. ಕೆರೆಯ ಜೀವಿಗಳ ಸಾಕ್ಷ್ಯವಿರುವುದು ಆ ಮಣ್ಣಿನಲ್ಲಿಯೇ. ಒಮ್ಮೆ ಚೆದುರಿದ ಮೇಲೆ, ಗುಡಿಯಿಂದ ಕಿತ್ತೊಯ್ದ ಶಾಸನದಂತೆ, ಅದು ತನ್ನ ನೆಲೆಯನ್ನು ಕಳೆದುಕೊಳ್ಳುತ್ತದೆ. ಆದುದರಿಂದ ಈ ತಾಲ್ಲೂಕುಗಳ ಕಾಲೇಜುಗಳ ಇತಿಹಾಸ ಮತ್ತು ಭೂಗೋಳ ವಿಭಾಗಗಳು, ಹೊಸ ಬಾವಿಯಲ್ಲಿ ಇಂತಹ ಪದರು ಕಂಡಾಗ, ಅದರ ಆಳವನ್ನು ಅಳೆದು, ಊರು ಮತ್ತು ದಿನಾಂಕವನ್ನು ಬರೆದು, ಒಂದು ಚೀಲ ಮಣ್ಣನ್ನು ತೆಗೆದಿರಿಸಿ, ಭೂವಿಜ್ಞಾನ ವಿಭಾಗಕ್ಕೆ ತಿಳಿಸಬೇಕೆಂದು ನಾವು ಸೂಚಿಸುತ್ತೇವೆ. ಇದಕ್ಕೆ ವೆಚ್ಚ ಅಲ್ಪ. ಆದರೆ ಬಾವಿಗೆ ಕಲ್ಲು ಕಟ್ಟಿ ಮುಗಿಸಿದ ಮೇಲೆ ಆ ಅವಕಾಶ ಮರಳಿ ಬಾರದು.