ಜಲಮಾರ್ಗಗಳಲ್ಲಿ ಲೋಳೆಯ ಚರಿತ್ರೆ

ಕೃಷ್ಣಾ-ಘಟಪ್ರಭೆಗಳ ನಡುನಾಡಾದ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಪ್ರಾಂತದ ಚರಿತ್ರೆಯನ್ನು ಬರೆಯುವವರು ಸಂಸ್ಥಾನಗಳ ಅರಸುಮನೆತನಗಳನ್ನೂ ರನ್ನಕವಿಯ ಜನ್ಮಭೂಮಿಯನ್ನೂ ನೇಕಾರರ ಮಗ್ಗಗಳನ್ನೂ ವರ್ಣಿಸುವುದುಂಟು. ನೀರು ಹರಿದ ದಾರಿಯನ್ನು ವಿಚಾರಿಸುವವರು ವಿರಳ. ಆ ದಾರಿಯಲ್ಲಿ ಕಟ್ಟುವ ಲೋಳೆಯ ವಿಚಾರವಂತೂ ಚರಿತ್ರಕಾರರಿಗೆ ಅಲ್ಪವೆಂದೇ ತೋರಿದೆ.

ನಮ್ಮ ಜನರು ಹಾವಸೆ, ಪಾಚಿ, ಲೋಳೆ ಎಂದು ಕರೆಯುತ್ತ ಬಂದುದರಲ್ಲಿ ಬಹುಭಾಗವು ಸೂಕ್ಷ್ಮಜೀವಿಗಳ ವಸತಿಯೇ ಆಗಿದೆ. ಇವು ಕಲ್ಲು, ಮಣ್ಣು, ಲೋಹಗಳಿಗೆ ಅಂಟಿ, ತಾವೇ ಸ್ರವಿಸಿದ ಅಂಟಿನೊಳಗೆ ನೆಲಸುವುವು. ಇದನ್ನು ಜೀವಪಟಲವೆನ್ನಬಹುದು. 1683ರಲ್ಲಿ ಹಾಲೆಂಡಿನ ಲೇವೆನ್‌ಹುಕನು ಹಲ್ಲಿನ ಕಿಟ್ಟದಲ್ಲಿ ಇಂತಹ ಜೀವಿಗಳನ್ನು ಕಂಡನು. ಘನವಸ್ತುಗಳ ಮೈಗೆ ಅಂಟುವ ಅವುಗಳ ಸ್ವಭಾವವನ್ನು ಜೋಬೆಲ್ ಎಂಬ ವಿದ್ವಾಂಸನು 1943ರಲ್ಲಿ ವಿವರಿಸಿದನು.

ಹಿಂದಿನವರಿಗೆ ಕಾರಣ ತಿಳಿಯದಿದ್ದರೂ ಕಾರ್ಯ ತಿಳಿದಿತ್ತು. ಕನ್ನಡ ಶಾಸನಗಳ ಬಿತ್ತುವಟ್ಟ, ಕಟ್ಟುಕೊಡಗೆಗಳು ಕೆರೆಯನ್ನು ಕಟ್ಟಿದರೆ ಸಾಲದು, ಕಾಪಾಡಲೂ ವೃತ್ತಿ ಬೇಕೆಂಬುದಕ್ಕೆ ಸಾಕ್ಷಿ. ನೆರೆಯ ವಿಜಾಪುರದಲ್ಲಿ 1651ರಲ್ಲಿ ಕಟ್ಟಿಸಿದ ಬೇಗಂ ತಾಲಾಬಿನ ನೀರು ಮಣ್ಣಿನ ಕೊಳವೆಗಳಲ್ಲಿ ನಗರಕ್ಕೆ ಹರಿಯಿತು. ನಡುವೆ ನಿಲ್ಲಿಸಿದ ಗಂಜುಗಳೆಂಬ ಗೋಪುರಗಳು ಒತ್ತಡವನ್ನು ತಗ್ಗಿಸಿ ಹೂಳು ತಳಕ್ಕಿಳಿಯಲು ಎಡೆಗೊಟ್ಟವು. ಆದರೆ ಪೂರ್ವಕಾಲವೆಲ್ಲ ನಿರ್ಮಲವಾಗಿತ್ತೆಂದು ಭ್ರಮಿಸಲಾಗದು. ಮೆಟ್ಟಿಲುಬಾವಿಗಳಿಂದ ನಾರುಹುಣ್ಣು ಹರಡುತ್ತಿತ್ತು. ಭಾರತವು ಅದರಿಂದ ಮುಕ್ತವೆಂದು ನಿರ್ಣಯವಾದುದು 2000ದಲ್ಲಿ.

ಮುಧೋಳ-ಜಮಖಂಡಿಗಳು ಈಗ ಕಬ್ಬಿನ ನಾಡು, ಸಕ್ಕರೆ ಕಾರ್ಖಾನೆಗಳ ನೆಲೆ. ಈ ಉದ್ಯಮಕ್ಕೂ ಲೋಳೆಯೇ ಹಳೆಯ ವೈರಿ. ಯೂರೋಪಿನ ಸಕ್ಕರೆ ಕಾರ್ಖಾನೆಗಳನ್ನು ಕಾಡಿದ ಅಂಟಿನ ಮೂಲವಾದ ಜೀವಿಗೆ 1878ರಲ್ಲಿ ವಾನ್ ತೀಘೆಮನು ಲ್ಯೂಕೊನೊಸ್ಟಾಕ್ ಎಂದು ಹೆಸರಿಟ್ಟನು. ಅದು ರಸದೊಳಗಿನ ಸಕ್ಕರೆಯನ್ನು ಡೆಕ್ಸ್ಟ್ರಾನ್ ಎಂಬ ಅಂಟಾಗಿ ಮಾರ್ಪಡಿಸುವುದು. ಇದರಿಂದ ಸಕ್ಕರೆ ನಷ್ಟವಾಗಿ, ರಸವು ಜಿಗುಟಾಗಿ, ಶೋಧಕಗಳು ಕಟ್ಟಿಕೊಳ್ಳುವುವು. ನೀರಿನ ಕಬ್ಬಿಣದ ಕೊಳವೆಗಳಲ್ಲಾದರೋ ಲೋಳೆಯ ಅಡಿಯಲ್ಲಿ ಗಾಳಿಯಿಲ್ಲದೆಡೆ ಬೆಳೆಯುವ ಜೀವಿಗಳು ಲೋಹವನ್ನೇ ತಿನ್ನುವುವು. ಗಾಳಿಯಿಲ್ಲದೆಡೆ ಇಂತಹ ಜೀವಿಗಳಿಂದ ಕಬ್ಬಿಣವು ಸವೆಯುವುದನ್ನು 1934ರಲ್ಲಿ ಡಚ್ ವಿಜ್ಞಾನಿಗಳು ತೋರಿಸಿದರು. ಕ್ಲೋರಿನ್ ಸಹ ಪದರದ ಒಳಗನ್ನು ಸುಲಭವಾಗಿ ಮುಟ್ಟದು.

ಇಲ್ಲಿಯೇ ಹಳೆಯದಕ್ಕೂ ಹೊಸದಕ್ಕೂ ಇರುವ ಮುಖ್ಯ ಭೇದ. ಬಾವಿಯ ಮೆಟ್ಟಿಲಿನ ಹಾವಸೆ ಕಾಲಿಗೆ ಜಾರಿ ತನ್ನಿರವನ್ನು ತಾನೇ ಸಾರುತ್ತಿತ್ತು. ನೆಲದೊಳಗಿನ ನಳದ ಲೋಳೆಯನ್ನು ಕಾಣುವವರಿಲ್ಲ. 2019ರಿಂದ ಮನೆಮನೆಗೆ ನಳ ತರುವ ಯೋಜನೆ ನಡೆದಿದೆ. ತಂದವರ ಹೆಸರನ್ನು ಫಲಕಗಳು ಹೇಳುವುವು. ತೊಳೆಯುವವರ ಜೀವನಕ್ಕೆ ವೃತ್ತಿಯನ್ನು ಬಿಟ್ಟ ಪ್ರಾಚೀನರ ವಿವೇಕವು ನಮಗೂ ಬೇಕಾಗಿದೆ. ಶಾಸನಗಳನ್ನು ಓದುವವರು ದಾನಿಯ ಹೆಸರಿನೊಡನೆ ಆ ವೃತ್ತಿಯ ಸಾಲನ್ನೂ ಗಮನಿಸುವುದು ಯುಕ್ತ.